ಏಜೆಂಟರಿಗೆ ಮಾತ್ರ

ಗೋಡೌನಿನ ಬೀಗದ ಕೈ ಅವನ ಅಂಗೈಗೆ ಬಿದ್ದ ದಿನವೇ ಮಾವನ ಅಂಗಡಿಯನ್ನು ಮುಳುಗಿಸುವುದೆಂದು ತೀರ್ಮಾನವಾಯಿತು. ತಾನು ತೀರ್ಮಾನಿಸಲಿಲ್ಲ, ಅದು ತನ್ನಷ್ಟಕ್ಕೆ ಆಯಿತು ಎಂದೇ ಅವನು ಕೊನೆಯವರೆಗೂ ನಂಬಿದ್ದ. ಬೀಗದ ಕೈ ಕೊಟ್ಟವನು ಭಾವ, ಅಂದರೆ ಹೆಂಡತಿಯ ಅಣ್ಣ. ಪಕ್ಕದಲ್ಲಿ ಹೊಸ ಮ್ಯಾನೇಜರ್ ನಿಂತಿದ್ದ, ತನ್ನ ಹೆಸರು ತನಗೇ ಮರೆತುಹೋದೀತೆಂಬ ಭಯವಿದ್ದವನ ಹಾಗೆ ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡು.

"ಕ್ಯಾಟಲಾಗ್ ಕೆಲಸ ಮುಗೀತಲ್ಲ ಪಂಡಿತರೇ," ಎಂದ ಭಾವ. "ಇನ್ನು ಮುಂದೆ ಇವರು ನೋಡ್ಕೋತಾರೆ. ನೀವು ಗೋಡೌನ್ ಇನ್‌ಚಾರ್ಜ್. ಅಲ್ಲೂ ನಮ್ಮೋರು ಅಂತ ಒಬ್ಬರು ಬೇಕಲ್ಲ."

ಪಂಡಿತರು ಎಂಬುದು ಭಾವ ಇಟ್ಟ ಹೆಸರು. ಹೊರಗಿನವರಿಗೆ ಗೌರವದ ಹಾಗೆ ಕೇಳಿಸುತ್ತಿತ್ತು, ಮನೆಯವರಿಗೆ ಅದರ ಕುಟುಕು ಗೊತ್ತಿತ್ತು. ಗೋಡೌನ್ ಇನ್‌ಚಾರ್ಜ್ ಎಂದರೇನು, ಕಾವಲುಗಾರ ಎಂದರೇನು? ಅಳಿಯನ ಮರ್ಯಾದೆ ಇಲ್ಲ, ಬರೀ ಮಗಳ ಗಂಡ. ಅವನು ನಗುತ್ತಲೇ ತಲೆಯಾಡಿಸಿ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ. ಮಾವ ಗಲ್ಲಾದ ಹಿಂದೆ ಕೂತು ಮಾದರಿಯ ನಲ್ಲಿಯೊಂದನ್ನು ಬಟ್ಟೆಯಿಂದ ಉಜ್ಜುತ್ತಿದ್ದರು. ತಲೆ ಎತ್ತಲಿಲ್ಲ. ಭಾವನ ಮಾತಿಗಿಂತ ಅದೇ ಅವನಿಗೆ ಹೆಚ್ಚು ನೋವು ಕೊಟ್ಟಿತು.

ಮಾವನ ಅಂಗಡಿ ಮನೆಬಳಕೆಯ ಯಂತ್ರಗಳ ಬಿಡಿಭಾಗಗಳದ್ದು. ಕುಕ್ಕರಿನ ರಿಂಗು, ಮಿಕ್ಸಿಯ ಬ್ಲೇಡು, ನಲ್ಲಿಯ ವಾಷರು, ಸ್ಟೌವಿನ ನಾಬು. ಅಂಗಡಿಗೆ ಒಂದು ವೆಬ್‌ಸೈಟೂ ಇತ್ತು, ಇರಲಿ ಎಂದು ಮಾಡಿಸಿದ್ದು. ಆಮೇಲೆ ಕಾಲ ಬದಲಾಯಿತು. ಜನ ತಾವೇ ಹುಡುಕಿ ಕೊಳ್ಳುವುದನ್ನು ಬಿಟ್ಟು ಫೋನಿಗೆ ಹೇಳತೊಡಗಿದರು: ನಮ್ಮನೆ ಕುಕ್ಕರಿಗೆ ಒಂದು ರಿಂಗ್ ತರಿಸು. ಫೋನಿನೊಳಗಿನ ಯಂತ್ರಬುದ್ಧಿ ಊರೂರಿನ ಅಂಗಡಿಗಳ ಪಟ್ಟಿ ಓದಿ, ಹೋಲಿಸಿ, ತಾನೇ ಆರ್ಡರ್ ಕೊಡುತ್ತಿತ್ತು. ಇವುಗಳಿಗೆ ಏಜೆಂಟ್ ಎಂದು ಹೆಸರು. ಮೊದಲ ಸಲ ಕೇಳಿದಾಗ ಮಾವ ಗಾಬರಿಯಾಗಿ, ಏಜೆಂಟ್ರಾ, ಅವರಿಗೆ ಕಮಿಷನ್ ಎಷ್ಟು ಕೊಡಬೇಕು ಎಂದು ವಿಚಾರಿಸಿದ್ದರು.

ಏಜೆಂಟಿಗೆ ಕಮಿಷನ್ ಬೇಡ, ವಿವರ ಬೇಕು. ಅದು ಚಿತ್ರ ನೋಡಿ ಮರುಳಾಗುವುದಿಲ್ಲ, ರಿಯಾಯಿತಿಯ ಕೆಂಪಕ್ಷರಕ್ಕೆ ಬಾಯಿ ಬಿಡುವುದಿಲ್ಲ. ಮಾವನ ಅಂಗಡಿಯ ಹಳೆಯ ಕ್ಯಾಟಲಾಗಿನಲ್ಲಿ ಪ್ರತಿ ರಿಂಗಿನ ಕೆಳಗೂ 'ಉತ್ತಮ ಗುಣಮಟ್ಟದ್ದು, ಒಮ್ಮೆ ಬಳಸಿ ನೋಡಿ' ಎಂದಷ್ಟೇ ಇತ್ತು. ಏಜೆಂಟುಗಳು ಅದನ್ನು ಓದಿ, ಏನೂ ತಿಳಿಯದೆ, ಮುಂದಿನ ಅಂಗಡಿಗೆ ಹೋಗುತ್ತಿದ್ದವು. ಅವನು ಒಂದೊಂದು ಭಾಗವನ್ನೂ ಕೈಯಲ್ಲಿ ಹಿಡಿದು ಅಳೆದ. ಒಳಸುತ್ತು, ಹೊರಸುತ್ತು, ದಪ್ಪ. ಯಾವ ಮಾದರಿಗೆ ಕೂಡುತ್ತದೆ, ಯಾವುದಕ್ಕೆ ಕೂಡಿದಂತೆ ಕಂಡರೂ ಕೂಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಜನ ಅದನ್ನು ಏನೆಂದು ಕರೆಯುತ್ತಾರೆ. ಒಬ್ಬರು ರಿಂಗು ಅಂದರೆ ಇನ್ನೊಬ್ಬರು ರಬ್ಬರು ಅನ್ನುತ್ತಾರೆ, ಮತ್ತೊಬ್ಬರು ಬಳೆ ಅನ್ನುತ್ತಾರೆ, ಹೆಸರೇ ಗೊತ್ತಿಲ್ಲದವರು ಕುಕ್ಕರ್ ಬಾಯಿಗೆ ಹಾಕ್ತಾರಲ್ಲ ಅದು ಅನ್ನುತ್ತಾರೆ. ಎಲ್ಲವನ್ನೂ ಬರೆದ. ಒಂದೇ ವಸ್ತುವಿಗೆ ಎಷ್ಟು ಬಾಯಿ, ಅಷ್ಟು ಹೆಸರು ಎಂಬುದು ಅವನಷ್ಟು ಚೆನ್ನಾಗಿ ಬೇರೆ ಯಾರಿಗೂ ತಿಳಿದಿರಲಿಲ್ಲ.

ಆಮೇಲೆ ಆರ್ಡರುಗಳು ಬಂದವು. ಕೇಳದ ಊರುಗಳಿಂದ ಬಂದವು. ಮಾವನ ಅಂಗಡಿಗೆ ಎರಡನೆಯ ಗೋಡೌನು ಬಂತು, ಹೊಸ ಬೋರ್ಡು ಬಂತು, ಕೊನೆಗೆ ಮ್ಯಾನೇಜರೂ ಬಂದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು.

ಗೋಡೌನಿನಲ್ಲಿ ಅವನಿಗೆ ಸಿಕ್ಕಿದ್ದು ಒಂದು ಮೇಜು, ಒಂದು ಹಳೆಯ ಕಂಪ್ಯೂಟರು, ಮತ್ತು ಬೇಕಾದಷ್ಟು ಪುರಸೊತ್ತು. ಕೆಟ್ಟ ಆಲೋಚನೆಗೆ ಇದಕ್ಕಿಂತ ಒಳ್ಳೆಯ ಗೊಬ್ಬರ ಇಲ್ಲ. ಮಧ್ಯಾಹ್ನ ಸಾಮಾನು ಇಳಿಸುವವರು ಊಟಕ್ಕೆ ಹೋದಾಗ ಅವನು ಯೋಚಿಸುತ್ತಿದ್ದ. ಯೋಚಿಸಿದಷ್ಟೂ ದಾರಿ ಸಲೀಸಾಗಿ ಕಂಡಿತು.

ಕ್ಯಾಟಲಾಗಿಗೆ ಎರಡು ಮುಖಗಳಿದ್ದವು. ಮನುಷ್ಯರು ನೋಡುವ ಪುಟ ಒಂದು, ಚಿತ್ರ ಬಣ್ಣ ಎಲ್ಲ ಇರುವುದು. ಏಜೆಂಟುಗಳಿಗೆಂದೇ ಅವನು ಮಾಡಿಟ್ಟ ಬೋಳು ಪ್ರತಿ ಇನ್ನೊಂದು, ಬರೀ ಅಕ್ಷರ, ಬರೀ ಅಳತೆ. ಅದನ್ನು ಮನುಷ್ಯರು ಯಾರೂ ತೆರೆಯುತ್ತಿರಲಿಲ್ಲ. ಭಾವನಿಗೆ ಅಂಥದ್ದೊಂದು ಇದೆ ಎಂದು ಗೊತ್ತಿತ್ತು, ಕೊಳವೆಯಲ್ಲಿ ನೀರು ಹರಿಯುತ್ತದೆ ಎಂದು ಗೊತ್ತಿರುವ ಹಾಗೆ. ಮ್ಯಾನೇಜರು ಪುಟದ ಬಣ್ಣ ಬದಲಾಯಿಸುವುದರಲ್ಲಿ ಮುಳುಗಿದ್ದ. ಆ ಪ್ರತಿಯಲ್ಲಿ ಪ್ರತಿ ಭಾಗದ ಕೊನೆಗೂ ಒಂದು ಖಾಲಿ ಜಾಗ ಅವನೇ ಬಿಟ್ಟಿದ್ದ: ಏಜೆಂಟರಿಗೆ ಸೂಚನೆ. ಒಡೆಯುವ ವಸ್ತು, ಜೋಪಾನ ಎಂಬಂಥ ಮಾತಿಗೆ.

ಅಲ್ಲಿ ಏನು ಬರೆಯಬೇಕೆಂಬುದನ್ನು ಅವನು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಾಜೂಕಾಗಿ ಯೋಚಿಸಿದ. ಕೊಳ್ಳಬೇಡ ಎಂದು ಬರೆದರೆ ಏಜೆಂಟಿಗೆ ಸಂಶಯ ಬರುತ್ತದೆ. ಸುಳ್ಳು ಅಳತೆ ಬರೆದರೆ ಸಾಮಾನು ವಾಪಸ್ ಬರುತ್ತದೆ, ವಾಪಸ್ ಬಂದರೆ ಯಾರಾದರೂ ಅಳೆದು ನೋಡುತ್ತಾರೆ. ಬೈಗುಳವೂ ಬೇಡ, ಸುಳ್ಳೂ ಬೇಡ. ಅನುಮಾನ ಸಾಕು. ಏಜೆಂಟಿನಷ್ಟು ಪುಕ್ಕಲು ಪ್ರಾಣಿ ಇನ್ನೊಂದಿಲ್ಲ. ತನ್ನ ಯಜಮಾನನಿಗೆ ತಪ್ಪು ವಸ್ತು ಹೋಗಬಾರದು ಎಂಬುದೇ ಅದರ ಜೀವಮಾನದ ಚಿಂತೆ. ಹಾಲು ಒಡೆಯಲು ಒಂದು ತೊಟ್ಟು ಹುಳಿ ಸಾಕು. ಈ ಭಾಗದ ಅಳತೆಯನ್ನು ಮಾವನ ಅಂಗಡಿಯಲ್ಲಿ ಇತ್ತೀಚೆಗೆ ಪರೀಕ್ಷಿಸಿಲ್ಲ, ಹೊಂದದೆ ಇರಬಹುದು, ಪರೀಕ್ಷಿಸಿದ ಭಾಗ ಹೊಸ ಅಂಗಡಿಯಲ್ಲಿದೆ. ಇಷ್ಟೇ ಧಾಟಿ. ಮೃದುವಾಗಿ, ಗ್ರಾಹಕರ ಹಿತ ಬಯಸುವವರ ಹಾಗೆ.

ಹೊಸ ಅಂಗಡಿ ಅವನದೇ. ಕಾಗದದ ಮೇಲೆ ಮಾತ್ರ ಅದು ದೂರದೂರಿನ ಒಬ್ಬ ಹಳೆಯ ಸಹಪಾಠಿಯದು. ಕೇಳಿದ ಕಡೆ ಸಹಿ ಹಾಕಿ ಮತ್ತೆ ಮಲಗುವ ಜಾತಿಯ ಮನುಷ್ಯ ಅವನು. ಕ್ಯಾಟಲಾಗಿನ ನಕಲು ಅಲ್ಲಿಗೆ ಹೋಯಿತು, ಅದೇ ಅಳತೆ, ಅದೇ ಹೆಸರುಗಳು. ಸಾಮಾನು ತಯಾರಿಸುವವರು ಎರಡೂ ಅಂಗಡಿಗೆ ಒಬ್ಬರೇ, ಆರ್ಡರು ಬಂದರೆ ಅವರೇ ನೇರವಾಗಿ ಕಳಿಸುತ್ತಿದ್ದರು.

ಹಾವು ಸಾಯಬೇಕು, ಕೋಲು ಮುರಿಯಬಾರದು. ಮುರಿದರೂ ಅದು ಬೇರೆಯವರ ಕೋಲಾಗಿರಬೇಕು. ಅದಕ್ಕೂ ದಾರಿಯಿತ್ತು. ಮ್ಯಾನೇಜರು ಬಂದ ಹೊಸತರಲ್ಲಿ ಅವನಿಗೆ ಲಾಗಿನ್ ಮಾಡಿಕೊಟ್ಟವನು ಇವನೇ. ಪಾಸ್‌ವರ್ಡ್ ಬದಲಾಯಿಸಿಕೊಳ್ಳಿ ಎಂದು ಹೇಳಿದ್ದ. ಆಗಲಿ ಎಂದವನು ಬದಲಾಯಿಸಿರಲಿಲ್ಲ. ನಕಲು ತೆಗೆದದ್ದೂ, ಸೂಚನೆಗಳನ್ನು ಸೇರಿಸಿದ್ದೂ ಮ್ಯಾನೇಜರ ಹೆಸರಿನಲ್ಲೇ ದಾಖಲಾಯಿತು. ಇವನ ಹೆಸರಿನಲ್ಲಿ ಆ ದಿನಗಳಲ್ಲಿ ದಾಖಲಾದದ್ದು ಗೋಡೌನಿಗೆ ಬಂದ ರಟ್ಟಿನ ಡಬ್ಬಗಳು ಮಾತ್ರ.

ಸೂಚನೆಗಳನ್ನು ಒಂದೊಂದಾಗಿ ಬರೆಯುವಷ್ಟು ದಡ್ಡ ಅವನಲ್ಲ. ಕಂಪ್ಯೂಟರಿನ ಒಂದು ಹಾಳೆಯಲ್ಲಿ ಎರಡು ಉದ್ದಸಾಲು ಹಾಕಿದ, ಒಂದು ಕಡೆ ಮಾವನ ಅಂಗಡಿ, ಇನ್ನೊಂದು ಕಡೆ ಹೊಸ ಅಂಗಡಿ, ಎದುರೆದುರಿಗೆ ಭಾಗಗಳು. ವಾಕ್ಯದ ಅಚ್ಚೊಂದು ಮಾಡಿಕೊಟ್ಟರೆ ಉಳಿದದ್ದನ್ನು ಕಂಪ್ಯೂಟರು ತಾನೇ ತುಂಬಿಕೊಂಡಿತು. ಆಮೇಲೆ ಕೂತು ಎಲ್ಲವನ್ನೂ ಓದಿದ. ಅಕ್ಷರ ತಪ್ಪಿದೆಯೇ, ಹೊಸ ಅಂಗಡಿಯ ವಿಳಾಸ ಸರಿಯಾಗಿದೆಯೇ, ಅಲ್ಲೆಲ್ಲಾದರೂ ತನ್ನ ಫೋನ್ ನಂಬರಾಗಲಿ ಹೆಸರಿನ ಮೊದಲಕ್ಷರವಾಗಲಿ ನುಸುಳಿದೆಯೇ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಎಲ್ಲೂ ಇರಲಿಲ್ಲ. ಪ್ರತಿ ವಾಕ್ಯವೂ ಅವನಿಗೆ ಸಹಜವಾಗಿ ಕೇಳಿಸಿತು.

ಮೊದಲು ಹೆಚ್ಚು ಮಾರಾಟವಾಗದ ಒಂದು ನಾಬಿಗೆ ಸೂಚನೆ ಹಚ್ಚಿ ನೋಡಿದ. ಯಾರೋ ಎಲ್ಲಿಂದಲೋ ಆ ನಾಬು ಕೇಳಿದರು. ಆರ್ಡರು ಹೊಸ ಅಂಗಡಿಗೆ ಬಂದು ಬಿತ್ತು. ಅವನು ಕುರ್ಚಿಯಿಂದ ಎದ್ದು ಗೋಡೌನಿನ ಬಾಗಿಲವರೆಗೆ ಹೋಗಿ, ಹೊರಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಬ್ಬನೇ ನಕ್ಕ. ಆಮೇಲೆ ವಾಷರುಗಳಿಗೆ ಹಚ್ಚಿದ, ಬ್ಲೇಡುಗಳಿಗೆ ಹಚ್ಚಿದ. ಒಮ್ಮೆಲೇ ಎಲ್ಲ ನಿಂತರೆ ಬೆಂಕಿ ಬಿದ್ದ ಹಾಗೆ ಕಾಣುತ್ತದೆ, ಸ್ವಲ್ಪ ಸ್ವಲ್ಪವೇ ಇಳಿದರೆ ಮಾರುಕಟ್ಟೆ ಬಿದ್ದ ಹಾಗೆ ಕಾಣುತ್ತದೆ. ರಿಂಗುಗಳನ್ನು ಕೊನೆಗೆ ಉಳಿಸಿಕೊಂಡ. ಅಂಗಡಿಯ ಅನ್ನ ಬೇಯುತ್ತಿದ್ದುದೇ ಅವುಗಳಿಂದ.

ಭಾವನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಭಯ ಬಂತು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆಲ್ಲ ಅಂಗಡೀನೇ ಕಟ್ಕೊಂಡಿದ್ದೀನಲ್ಲ ಎನ್ನುತ್ತಿದ್ದ ಮನುಷ್ಯ ಅವನು. ಕಟ್ಟಿಕೊಂಡವಳು ಕಣ್ಣೆದುರೇ ಸೊರಗುತ್ತಿದ್ದಳು. ಮ್ಯಾನೇಜರು ಪುಟದ ಬಣ್ಣ ಹಸಿರು ಮಾಡಿದ, ನೀಲಿ ಮಾಡಿದ, ಹಬ್ಬವಿಲ್ಲದ ದಿನ ಹಬ್ಬದ ರಿಯಾಯಿತಿ ಕೊಟ್ಟ. ಕೊನೆಗೆ ಹೊರಗಿನ ಪರೀಕ್ಷಕರನ್ನು ಕರೆಸಿದ. ಆ ದಿನ ಪಂಡಿತರು ಹೆದರಿ, ಎಣಿಸಿದ ಡಬ್ಬಗಳನ್ನೇ ಮತ್ತೆ ಮತ್ತೆ ಎಣಿಸಿದರು. ಪರೀಕ್ಷಕರು ತಮ್ಮ ಯಂತ್ರಕ್ಕೆ ಬೋಳು ಪ್ರತಿಯನ್ನು ಉಣಿಸಿದರು. ಎಲ್ಲ ಜಾಗಗಳೂ ತುಂಬಿವೆಯೇ, ಅಳತೆಯ ಜಾಗದಲ್ಲಿ ಅಳತೆಯೇ ಇದೆಯೇ, ಮಾತಿನ ಜಾಗದಲ್ಲಿ ಮಾತೇ ಇದೆಯೇ ಎಂದು ಅದು ನೋಡಿತು. ಎಲ್ಲದಕ್ಕೂ ಹಸಿರು ಗುರುತು ಬಂತು. ಇಷ್ಟು ಅಚ್ಚುಕಟ್ಟಾದ ಕ್ಯಾಟಲಾಗನ್ನು ತಾವು ನೋಡೇ ಇಲ್ಲ ಎಂದು ಪರೀಕ್ಷಕರು ಭಾವನ ಕೈ ಕುಲುಕಿ ಹೋದರು. ಅಷ್ಟು ಭಯದ ನಡುವೆಯೂ ಅವನಿಗೆ ಒಂದು ಗಳಿಗೆ ಹೆಮ್ಮೆಯಾಯಿತು.

ಒಂದು ಮಧ್ಯಾಹ್ನ ಮಾವ ಗೋಡೌನಿಗೆ ಬಂದರು. ಬರುವ ಅಭ್ಯಾಸವಿರಲಿಲ್ಲ. ಡಬ್ಬವೊಂದರ ಮೇಲೆ ಕೂತು ಸುಮ್ಮನೆ ಸುತ್ತ ನೋಡಿದರು. ತುಂಬಿದ ಕಪಾಟುಗಳು, ಧೂಳು. ಮೊದಲೆಲ್ಲ ಕಪಾಟು ಖಾಲಿಯಾದರೆ ಚಿಂತೆಯಾಗುತ್ತಿತ್ತು, ಈಗ ತುಂಬಿದ್ದರೆ ಚಿಂತೆಯಾಗುತ್ತದೆ ಎಂದರು. ಆಮೇಲೆ, ಅವನ ಮುಖ ನೋಡದೆ ಹೇಳಿದರು:

"ಅವತ್ತು ನಾನು ಮಾತಾಡಬೇಕಿತ್ತು ಅಳಿಯಂದ್ರೇ. ಮಗನ ಎದುರು ಬಾಯಿ ಬರಲಿಲ್ಲ. ತಪ್ಪಾಯ್ತು."

ಅವನಿಗೆ ಉಂಡ ಮನೆಯ ಜಂತೆ ಎಣಿಸುತ್ತಿದ್ದೇನೆ ಎಂದು ಮೊದಲ ಬಾರಿಗೆ ಅನ್ನಿಸಿತು. ಮಾವ ಹೋದ ಮೇಲೆ ಮ್ಯಾನೇಜರ ಲಾಗಿನ್ ತೆರೆದು ಕೂತ. ಎಲ್ಲ ಸೂಚನೆಗಳನ್ನೂ ಒಟ್ಟಿಗೆ ಅಳಿಸಬಹುದಿತ್ತು, ಒಂದು ಬೆರಳಿನ ಕೆಲಸ. ಬೆರಳು ಎತ್ತಿಯೂ ಎತ್ತಿದ. ಅಷ್ಟರಲ್ಲಿ ಭಾವನ ಫೋನು ಬಂತು: ಪಂಡಿತರೇ, ಗಾಡಿ ಬಂದಿದೆ, ಆಳು ಕಡಿಮೆ, ನೀವೂ ಸ್ವಲ್ಪ ಕೈ ಹಾಕಿ. ಅವನು ಹೋಗಿ ಡಬ್ಬ ಹೊತ್ತ. ಬೆವರು ಒರೆಸಿಕೊಂಡು ವಾಪಸ್ ಬಂದವನು ಅಳಿಸಲಿಲ್ಲ. ರಿಂಗುಗಳಿಗೂ ಹಚ್ಚಿದ.

ಮುಂದಿನದೆಲ್ಲ ಅವನು ಬರೆದಿಟ್ಟ ಹಾಗೆಯೇ ನಡೆಯಿತು. ಮಾವನ ಅಂಗಡಿ ಸೋತಿತು. ಹೊಸ ಅಂಗಡಿಯ ಕ್ಯಾಟಲಾಗು ತಮ್ಮದರ ಪಡಿಯಚ್ಚು ಎಂಬುದು ಭಾವನ ಕಣ್ಣಿಗೆ ಬಿತ್ತು. ಬೀಳಲೆಂದೇ ಇಟ್ಟದ್ದು. ದಾಖಲೆ ತೆಗೆಸಿದರೆ ನಕಲು ಮಾಡಿದ್ದು ಮ್ಯಾನೇಜರು; ಅಷ್ಟು ಸಿಕ್ಕಿದ ಮೇಲೆ ಮುಂದಿನ ಸಾಲು ಓದುವ ತಾಳ್ಮೆ ಭಾವನಿಗಿರಲಿಲ್ಲ. ಅವನು ತಾನಲ್ಲ ತಾನಲ್ಲ ಎಂದು ಅಳುವ ಹಾಗಾದ. ಕತ್ತಿನ ಚೀಟಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಸೋಮವಾರ ಪೊಲೀಸರಿಗೆ ದೂರು ಕೊಡುವುದೆಂದಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇರುತ್ತಾರೆ, ಈ ಅಳಿಯ ಅಂಥವನಲ್ಲ. ಪಾಪ, ಹೆಂಡತಿ ಮಕ್ಕಳಿರೋರು, ಒಂದು ಸಲ ಯೋಚನೆ ಮಾಡಿ ಭಾವ, ಎಂದು ಮ್ಯಾನೇಜರ ಪರವಾಗಿ ಎರಡು ಮಾತಾಡಿದ. ಭಾವನ ಕಣ್ಣಲ್ಲಿ ಅವನ ಬಗ್ಗೆ ಮೊದಲ ಸಲ ಮರ್ಯಾದೆ ಕಂಡಿತು.

ದೂರು ಕೊಟ್ಟರೂ ಹೋದ ವ್ಯಾಪಾರ ಬರುವುದಿಲ್ಲವೆಂದು ಭಾವ ಸುಸ್ತಾಗಿದ್ದ. ಹೊಸ ಅಂಗಡಿಯವರೇ, ಅಂದರೆ ಮಲಗುವ ಸಹಪಾಠಿ, ನಿಮ್ಮದನ್ನೂ ನಾವೇ ತೆಗೆದುಕೊಳ್ಳುತ್ತೇವೆ ಎಂದು ಹೇಳಿಕಳಿಸಿದ್ದ. ಕದ್ದ ಮಾಲು ಕೊಂಡವರಿಗೇ ಮಾರುವುದೇ ಎಂದು ಭಾವ ಹಾರಾಡಿದ. ಕೊಂಡವರಿಗೆ ಕದ್ದದ್ದೆಂದು ಗೊತ್ತಿರಲಿಕ್ಕಿಲ್ಲ, ಬೇರೆ ಯಾರೂ ಕೇಳುತ್ತಲೂ ಇಲ್ಲ ಎಂದು ಪಂಡಿತರು ಮೆಲ್ಲಗೆ ತಿಳಿಹೇಳಿದರು. ಮಾವ ಒಪ್ಪಿದರು. ಸೋಮವಾರ ಒಂದೇ ದಿನ ಎರಡು ಕೆಲಸ, ಬೆಳಿಗ್ಗೆ ದೂರು, ಮಧ್ಯಾಹ್ನ ಕರಾರು. ಕರಾರಾದ ಸಂಜೆಯೇ ಸೂಚನೆಗಳನ್ನು ಅಳಿಸಿಬಿಡುವುದು, ಆಮೇಲೆ ಅಂಗಡಿ ತನ್ನಷ್ಟಕ್ಕೆ ಚೇತರಿಸಿಕೊಳ್ಳುತ್ತದೆ. ಮಾವನನ್ನು ಗಲ್ಲಾದಲ್ಲೇ ಕೂರಿಸುವುದು, ಹಳೆಯ ಕುರ್ಚಿಯಲ್ಲೇ. ಭಾವನಿಗೆ ಗೋಡೌನಿನ ಬೀಗದ ಕೈ ಕೊಡುವುದು. ಅಲ್ಲೂ ನಮ್ಮೋರು ಅಂತ ಒಬ್ಬರು ಬೇಕಲ್ಲ. ಆ ಮಾತನ್ನು ಯಾವ ಧಾಟಿಯಲ್ಲಿ ಹೇಳಬೇಕೆಂದು ಅವನು ಸ್ನಾನ ಮಾಡುವಾಗೆಲ್ಲ ಅಭ್ಯಾಸ ಮಾಡುತ್ತಿದ್ದ.

ಭಾನುವಾರ ಮಧ್ಯಾಹ್ನ ಎಲ್ಲರೂ ಅವನ ಮನೆಯಲ್ಲಿ ಊಟಕ್ಕೆ ಸೇರಿದ್ದರು. ಊಟ ಮುಗಿದರೂ ಯಾರೂ ಏಳಲಿಲ್ಲ. ಭಾವ ಖಾಲಿ ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತಿದ್ದ. ಮಾವ ಫೋನು ನೋಡಿ, ಇವತ್ತು ಒಂದೂ ಆರ್ಡರಿಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಹೆಂಡತಿಗೆ ಅಪ್ಪನ ಮುಖ ನೋಡಲಾಗಲಿಲ್ಲ.

"ಯಾಕೆ ಅಷ್ಟು ಸಪ್ಪಗೆ ಕೂತ್ಕೋತೀರಾ ಅಪ್ಪ," ಎಂದಳು. "ನಮ್ಮ ಕುಕ್ಕರ್ ರಿಂಗ್ ಹೇಗೂ ಹರಿದಿದೆ. ನಾನೇ ಬೋಣಿ ಮಾಡ್ತೀನಿ ಇರಿ."

ತಮ್ಮ ಅಂಗಡಿಯ ಹೆಸರು ಹೇಳಿ, ಅಲ್ಲಿಂದಲೇ ತರಿಸು ಎಂದು ಫೋನಿಗೆ ಹೇಳಿದಳು. ಅವನಿಗೆ ಭಯವೇನೂ ಆಗಲಿಲ್ಲ. ಮನೆಗೆ ಬೇಕಾದ್ದನ್ನೆಲ್ಲ ಕೊಳ್ಳುವುದು ಅವಳದೇ ಕೆಲಸವಾದ್ದರಿಂದ ಅವನು ಏಜೆಂಟಿನ ಆಚೆ ದಡದಲ್ಲಿ ಗ್ರಾಹಕನಾಗಿ ಯಾವತ್ತೂ ನಿಂತವನಲ್ಲ, ಆದರೂ ಏನಾಗುತ್ತದೆಂದು ಗೊತ್ತಿತ್ತು. ಎಲ್ಲರಿಗೂ ಆದದ್ದೇ ಇವಳಿಗೂ ಆಗುತ್ತದೆ. ಫೋನು ಹೊಸ ಅಂಗಡಿಯ ಹೆಸರು ಹೇಳುತ್ತದೆ, ಮಾವ ಇನ್ನಷ್ಟು ಕುಗ್ಗುತ್ತಾರೆ, ನಾಳೆಯ ಸಹಿ ಇನ್ನಷ್ಟು ಸುಲಭವಾಗುತ್ತದೆ. ಫೋನು ಹೊಸ ಅಂಗಡಿಯ ಹೆಸರನ್ನೇ ಹೇಳಿತು. ಅವನು ಕೈ ತೊಳೆಯಲು ಎದ್ದ.

ಅವನು ಯಂತ್ರಕ್ಕೆ ಓದುವುದನ್ನು ಕಲಿಸಿದ್ದ. ಕೇಳಿದರೆ ಅದು ಹೇಳಿಯೂ ಬಿಡುತ್ತದೆ ಎಂಬುದು ಹೊಳೆದಿರಲಿಲ್ಲ. "ಯಾಕೆ? ನಮ್ಮ ಅಂಗಡೀದಕ್ಕೆ ಏನಾಗಿದೆ?" ಎಂದು ಹೆಂಡತಿ ಕೇಳಿದಳು, ನೆರೆಮನೆಯವರನ್ನು ಕೇಳುವ ಹಾಗೆ. ಆ ಪ್ರಶ್ನೆಯನ್ನು ಇಷ್ಟು ದಿನ ಯಾರೂ ಕೇಳಿರಲಿಲ್ಲ. ಅಂಗಡಿಯವರೇ ಒಂದು ಸೂಚನೆ ಬರೆದಿದ್ದಾರೆ, ಓದುತ್ತೇನೆ ಎಂದು ಫೋನು ಸ್ಪಷ್ಟವಾಗಿ, ಯಾವ ಅವಸರವೂ ಇಲ್ಲದೆ ಓದಿತು: "ಈ ಭಾಗದ ಅಳತೆಯನ್ನು ಮಾವನ ಅಂಗಡಿಯಲ್ಲಿ ಇತ್ತೀಚೆಗೆ ಪರೀಕ್ಷಿಸಿಲ್ಲ." ಭಾವನ ಕೈಯಲ್ಲಿ ಲೋಟ ತಿರುಗುವುದು ನಿಂತಿತು. ಹೆಂಡತಿ ಇನ್ನೊಂದು ಸಲ ಓದು ಎಂದಳು; ಅದು ಇನ್ನೊಂದು ಸಲ ಓದಿತು. ಅವನು ಕೈ ತೊಳೆಯುವ ಜಾಗದಲ್ಲಿ ನಲ್ಲಿ ತಿರುಗಿಸಿ ನಿಂತಿದ್ದ. ಮ್ಯಾನೇಜರಿಗೆ ಆ ಅಂಗಡಿ ಎಂದರೆ ಕಂಪನಿ. ಭಾವನಿಗೆ ಅಪ್ಪನ ಅಂಗಡಿ. ಹೆಂಡತಿಗೆ ನಮ್ಮ ಅಂಗಡಿ. ಊರಿಗೆಲ್ಲ ಬೋರ್ಡಿನ ಮೇಲಿದ್ದ ಹೆಸರು. ಹಾಳೆಯ ತಲೆಯ ಮೇಲೆ ಅವನು ಬರೆದುಕೊಂಡಿದ್ದ ಹೆಸರನ್ನೇ ಕಂಪ್ಯೂಟರು ಒಂದೊಂದು ಸೂಚನೆಗೂ ತುಂಬಿಕೊಂಡು ಹೋಗಿತ್ತು, ಎಷ್ಟು ಸಲ ಓದಿದರೂ ಅದು ಅವನ ಕಣ್ಣಿಗೆ ತಪ್ಪೆಂದು ಕಂಡಿರಲಿಲ್ಲ, ಏಕೆಂದರೆ ಅವನ ಪಾಲಿಗೆ ಆ ಅಂಗಡಿಗೆ ಬೇರೆ ಹೆಸರೇ ಇರಲಿಲ್ಲ. ಬೆನ್ನ ಹಿಂದೆ ಕುರ್ಚಿ ಸರಿದ ಸದ್ದಾಯಿತು. ಮಾವನಿಗೆ ಇದ್ದದ್ದು ಒಬ್ಬಳೇ ಮಗಳು, ಒಬ್ಬನೇ ಅಳಿಯ.